ದಿಬ್ಬದ ಚೆಲುವು ಯಾರಿಗೆ, ಧೂಳು ಯಾರಿಗೆ?

2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಆ ಚಿತ್ರಗಳನ್ನು ನೋಡಿ ನಾವೆಲ್ಲ ಮರುಗಿದೆವು. ಮರುಗಲೇಬೇಕಿತ್ತು. ಆದರೆ ಮನುಷ್ಯನೇ ಕಟ್ಟಿದ ಗುಡ್ಡವೊಂದು ಸದ್ದಿಲ್ಲದೆ, ಗಾಳಿ ಬೀಸಿದಾಗಲೆಲ್ಲ ಒಂದಿಷ್ಟು ಧೂಳಾಗಿ ಬಡವರ ಮನೆಯೊಳಗೆ ಇಳಿಯುತ್ತಿದ್ದರೆ ಅದನ್ನು ಏನೆಂದು ಕರೆಯಬೇಕು? ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ನಾವು ಅದನ್ನು 'ಲೊಕೇಶನ್' ಎಂದು ಕರೆಯುತ್ತೇವೆ.

ಬಂಗಾರಪೇಟೆಯಿಂದ ಕೋರಮಂಡಲ್, ಉರಿಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪಂಗೆ ರೈಲು ಹೋಗುತ್ತದೆ. ಅಲ್ಲಿನ ಸಯನೈಡ್ ದಿಬ್ಬಗಳು ದೇವರು ಸೃಷ್ಟಿಸಿದ ಬೆಟ್ಟಗಳಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟಂದಿನಿಂದ 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ ಸುಮಾರು 800 ಟನ್ ಚಿನ್ನ ಹೊರಗೆ ಹೋಯಿತು. ಕಲ್ಲನ್ನು ಹಿಟ್ಟು ಮಾಡಿ, ಸಯನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದದ್ದೇ ಈ ದಿಬ್ಬ. ಇಂಥವು 13 ಇವೆ. ಅವುಗಳಲ್ಲಿ ಸುಮಾರು 3.3 ಕೋಟಿ ಟನ್ ಪುಡಿ ಇದೆ. ಬಿಸಿಲು, ಗಾಳಿಗೆ ಸಯನೈಡ್ ಬಹುಪಾಲು ಕಳೆದುಹೋಗಬಹುದು. ನುಣ್ಣನೆಯ ಸಿಲಿಕಾ ಧೂಳು ಎಲ್ಲಿ ಹೋದೀತು? ಮೂರು ಕಿಲೋಮೀಟರ್ ಆಳಕ್ಕಿಳಿದ ಕಾರ್ಮಿಕರ ಶ್ವಾಸಕೋಶವನ್ನು ಒಳಗೆ ತಿಂದದ್ದು ಅದೇ ಧೂಳು.

ಈ ದಿಬ್ಬಗಳ ಮೇಲೆಯೇ 'ಕೆಜಿಎಫ್' ಚಿತ್ರದ ಸೆಟ್ ಎದ್ದಿತು. 2018ರಲ್ಲಿ ಮೊದಲ ಭಾಗ, 2022ರಲ್ಲಿ ಎರಡನೆಯದು ತೆರೆಗೆ ಬಂದವು. ಊರಿನ ಹೆಸರು ಜಗತ್ತಿಗೆಲ್ಲ ತಿಳಿಯಿತು, ಊರು ಮಾತ್ರ ತಿಳಿಯಲಿಲ್ಲ. ಪರದೆಯ ಮೇಲಿನ ಕಪ್ಪು ಧೂಳು ನಾಯಕನ ಪೌರುಷಕ್ಕೆ ಹಿನ್ನೆಲೆಯಾಯಿತು. ಚಿತ್ರೀಕರಣದಿಂದ ಪರಿಸರ ಕೆಡುತ್ತದೆಂದು 2019ರಲ್ಲಿ ಸ್ಥಳೀಯರು ನ್ಯಾಯಾಲಯದ ಬಾಗಿಲು ತಟ್ಟಬೇಕಾಯಿತು.

'ಕಲೆ ಕರಪತ್ರವಲ್ಲ, ಕತೆಯನ್ನು ಕತೆಯಾಗಿ ನೋಡಿ' ಎಂದು ಕೆಲವರು ಹೇಳಬಹುದು. ಒಪ್ಪೋಣ. ಕೆನಡಾದ ಛಾಯಾಗ್ರಾಹಕ ಎಡ್ವರ್ಡ್ ಬರ್ಟಿನ್‌ಸ್ಕಿ 1996ರಲ್ಲಿ ಸಡ್ಬರಿಯ ನಿಕ್ಕಲ್ ಗಣಿಯ ತ್ಯಾಜ್ಯದ ಕೆಂಪು ಹೊಳೆಯನ್ನು ಸೆರೆಹಿಡಿದರು. ಅದು ಕಣ್ಣು ಕೀಳಲಾಗದಷ್ಟು ಸುಂದರ. ವಿಷವನ್ನು ಇಷ್ಟು ಚೆಂದ ಮಾಡಬಹುದೇ ಎಂಬ ತಕರಾರು ನಮಗೂ ಇದೆ. ಆದರೂ ಅವರು ಆ ಚಿತ್ರಕ್ಕೆ ಗಣಿ ತ್ಯಾಜ್ಯವೆಂದೇ ಹೆಸರಿಟ್ಟರು, ನೋಡುಗನನ್ನು ವಂಚಿಸಲಿಲ್ಲ. ನಾವು ಕೇಳುತ್ತಿರುವುದೂ ಅಷ್ಟೇ. ಸೌಂದರ್ಯ ಇರಲಿ, ಅದು ಸುಳ್ಳು ಹೇಳದಿರಲಿ.

ನಮ್ಮ ಕಲಾವಿದರಿಗೆ ವಿಕೋಪವೆಂದರೆ ಒಂದೇ ದಿನದಲ್ಲಿ ಆಗಿ ಮುಗಿಯುವಂಥದ್ದು. ನೂರಿಪ್ಪತ್ತು ವರ್ಷ ನಡೆದ ವಿಕೋಪ ಅವರ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಬರೆಯಬೇಕಾದರೆ ದಿಬ್ಬದಿಂದ ಇಳಿದು ಲೈನ್‌ಮನೆಗಳಿಗೆ ಹೋಗಬೇಕು. ಅಲ್ಲಿ ಉತ್ತರ ಆರ್ಕಾಟಿನಿಂದ ಬಂದ ದಲಿತ ಕಾರ್ಮಿಕರ ಮೊಮ್ಮಕ್ಕಳಿದ್ದಾರೆ. ಗಣಿ ಮುಚ್ಚಿದ ಮೇಲೆ ಬೆಳಗಿನ ಜಾವದ ರೈಲಿಗೆ ಬೆಂಗಳೂರಿನ ಕೂಲಿಗೆ ಹೋಗುವವರು ಅವರೇ.

2024ರ ಜೂನ್‌ನಲ್ಲಿ ಈ 13 ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು. ದಿಬ್ಬ ಕೆದಕಿದರೆ ಚಿನ್ನ ಒಂದು ಕಡೆಗೆ, ಧೂಳು ಇನ್ನೊಂದು ಕಡೆಗೆ ಹೋಗುತ್ತದೆ. ಅಂದು ಕ್ಯಾಮರಾ ಯಾವ ಕಡೆಗೆ ತಿರುಗಿರುತ್ತದೆ? ಕೋರಮಂಡಲ್‌ನ ಶಾಲಾ ಮಕ್ಕಳ ಕೈಗೆ ಈಗಲೇ ಬಣ್ಣ, ಕಾಗದ ಕೊಡಿ. ಹೊರಗಿನವರು ಕಾಣದ ಚಿತ್ರವನ್ನು ಅವರು ಬರೆಯುತ್ತಾರೆ.