ರಿವಾಲ್ವರಿನ ಹಿಡಿ ನಿಮ್ಮ ಕೈಗೆ ಒಪ್ಪುತ್ತದೆಯೇ?

ಕುಕ್ಕರಿನ ಗ್ಯಾಸ್ಕೆಟ್ಟು, ಹೊಲಿಗೆ ಯಂತ್ರದ ಸೂಜಿ, ಮಿಕ್ಸಿಯ ಬ್ಲೇಡು ಅಂತ ಕೇಳಿ ಬರೆದವರೆಲ್ಲ ಈ ಸಲ ಸ್ವಲ್ಪ ತಾಳ್ಮೆ ತಂದುಕೊಳ್ಳಬೇಕು. ಒಂದು ಪತ್ರ ಬಂದಿದೆ. ಅದಕ್ಕೆ ಪೂರ್ತಿ ಜಾಗ ಕೊಡೋಣ ಅನ್ನಿಸಿತು.

ಬರೆದವರು ಮಲೆನಾಡಿನ ಕಾಫಿ ತೋಟದ ಗೃಹಿಣಿ. ಹೆಸರು, ಊರು ಎರಡನ್ನೂ ಹಾಕುತ್ತಿಲ್ಲ. ಮನೆಯಲ್ಲಿ ಆಯುಧ ಇದೆ ಅನ್ನೋದು ಊರಿಗೆಲ್ಲ ತಿಳಿಯಬೇಕಾದ ಸುದ್ದಿಯಲ್ಲ. ಯಜಮಾನರು ತೀರಿಕೊಂಡು ಎರಡು ವರ್ಷವಾಯಿತಂತೆ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ರಾತ್ರಿ ತೋಟದ ಮನೆಯಲ್ಲಿ ಇರುವವರು ಈಕೆ ಮತ್ತು ವಯಸ್ಸಾದ ಅತ್ತೆ, ಇಬ್ಬರೇ. ಯಜಮಾನರ ಪುಟ್ಟ ಮ್ಯಾಗ್ನಮ್ ರಿವಾಲ್ವರ್ ವಾರಸುದಾರಳೆಂದು ಈಕೆಯ ಹೆಸರಿಗೇ ಲೈಸೆನ್ಸಾಗಿ ಬಂದಿದೆ. "ಅವರದು ದೊಡ್ಡ ಕೈ. ನನ್ನದು ಎರಡು-ಎರಡು ಅಳತೆಯ ಬಳೆ ಏರುವ ಕೈ. ತರಬೇತಿಯಲ್ಲಿ ಐದು ಗುಂಡು ಹಾರಿಸಿದ್ದಕ್ಕೇ ಹೆಬ್ಬೆರಳ ಬುಡ ಊದಿಕೊಂಡಿತು. ಹಿಡಿ ಬದಲಾಯಿಸಬಹುದೇ? ಮಳೆಗಾಲದಲ್ಲಿ ತುಕ್ಕು ಹಿಡಿಯದ ಹಾಗೆ ಏನು ಮಾಡಲಿ?" ಎಂದು ಕೇಳಿದ್ದಾರೆ.

ಬದಲಾಯಿಸಬಹುದು ಸೋದರಿ, ಬದಲಾಯಿಸಲೇಬೇಕು. ಗಂಡನ ಚಪ್ಪಲಿ ಹಾಕಿಕೊಂಡು ಹಿತ್ತಲಿಗೆ ಹೋಗಿ ಬರಬಹುದು, ಬೆಟ್ಟ ಹತ್ತಲಾಗುವುದಿಲ್ಲ. ಇದೂ ಹಾಗೇ.

ನನ್ನ ತವರು ಕೊಡಗು. ತಂದೆ ಮಿಲಿಟರಿಯಲ್ಲಿದ್ದವರು. ಕೈಲ್‌ಪೋಳ್ದ್ ಹಬ್ಬಕ್ಕೆ ಮನೆಯ ಕೋವಿಗಳನ್ನು ಒರೆಸಿ, ತೋಕ್ ಪೂ ಸಿಕ್ಕಿಸಿ ಸಾಲಾಗಿ ಇಡುವಾಗ ಎಣ್ಣೆ ಬಟ್ಟೆ ಹಿಡಿದುಕೊಂಡು ಪಕ್ಕದಲ್ಲಿ ಕೂರುತ್ತಿದ್ದವಳು ನಾನೇ. ಕಡಂಬುಟ್ಟು ಬೇಯುವಷ್ಟರಲ್ಲಿ ಕೋವಿ ಕೆಲಸ ಮುಗಿದಿರಬೇಕು ಅನ್ನೋದು ಅಮ್ಮನ ಕಟ್ಟಪ್ಪಣೆ! ಈ ಕೆಲಸದಲ್ಲಿ ಗಂಡಸರಿಗೇ ಮೀಸಲಾದ ಗುಟ್ಟು ಅಂತ ಏನೂ ಇಲ್ಲ.

ಮೊದಲು ಮ್ಯಾಗ್ನಮ್ ಅಂದ್ರೆ ಏನು ಅನ್ನೋದನ್ನು ತಿಳಿದುಕೊಳ್ಳಿ, ಆಗ ಕೈ ಊದಿಕೊಂಡದ್ದೇಕೆ ಎಂಬುದೂ ತಿಳಿಯುತ್ತದೆ. 1935ರಲ್ಲಿ ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿ ಪಾಯಿಂಟ್ 357 ಮ್ಯಾಗ್ನಮ್ ಅನ್ನುವುದನ್ನು ಹೊರತಂದಿತು. ಅದಕ್ಕೂ ಮೊದಲು ಬಳಕೆಯಲ್ಲಿದ್ದ ಪಾಯಿಂಟ್ 38 ಸ್ಪೆಷಲ್ ತೋಟಾದ ಹಿತ್ತಾಳೆ ಕೊಳವೆಯನ್ನೇ ಸುಮಾರು ಮೂರು ಮಿಲಿಮೀಟರಿನಷ್ಟು ಉದ್ದ ಮಾಡಿದರು, ಒಳಗಿನ ಮದ್ದಿನ ಒತ್ತಡ ಬಹಳ ಹೆಚ್ಚಿಸಿದರು. ಉದ್ದ ಮಾಡಿದ್ದೇಕೆಂದರೆ, ಈ ಜೋರಿನ ತೋಟಾ ಹಳೆಯ ದುರ್ಬಲ ರಿವಾಲ್ವರಿನೊಳಗೆ ಕೂರಬಾರದು ಅಂತ. ಆ ಕಾಲದ ಮ್ಯಾಗ್ನಮ್ ದೊಡ್ಡ, ಭಾರದ ಆಯುಧ. ಆಮೇಲೆ ಅದೇ ತೋಟಾಕ್ಕೆ ಅಂಗೈಯಗಲದ ರಿವಾಲ್ವರುಗಳೂ ಬಂದವು. ಭಾರ ಕಡಿಮೆಯಾದಷ್ಟೂ ಹಿಮ್ಮೊಗದ ಒದೆತ ಜಾಸ್ತಿ. ಒರಳು ಭಾರವಿದ್ದರೆ ರುಬ್ಬುವಾಗ ಅಲ್ಲಾಡುವುದಿಲ್ಲ, ಹಗುರವಿದ್ದರೆ ಕುಣಿಯುತ್ತೆ, ನೋಡಿದ್ದೀರಲ್ಲ?

ನಮ್ಮ ದೇಶದಲ್ಲಿ 2014ರಲ್ಲಿ ಕಾನ್ಪುರದ ಕಾರ್ಖಾನೆಯಿಂದ 'ನಿರ್ಭೀಕ್' ಎಂಬ ಅರ್ಧ ಕಿಲೋ ತೂಕದ ರಿವಾಲ್ವರ್ ಹೆಂಗಸರಿಗೆಂದೇ ಬಂತು. ಬೆಲೆ ಒಂದು ಲಕ್ಷ ಇಪ್ಪತ್ತು ಸಾವಿರಕ್ಕೂ ಮೇಲೆ! ಅದರ ಪಾಯಿಂಟ್ 32 ತೋಟಾ ಸೌಮ್ಯದ್ದು, ಹಾಗಾಗಿ ಹಗುರವಿದ್ದರೂ ನಡೆಯುತ್ತದೆ. ಆದರೆ 'ಹೆಂಗಸರ ರಿವಾಲ್ವರ್' ಅಂದ್ರೆ ಹಗುರದ್ದು ಅಂತ ತೀರ್ಮಾನಿಸುವುದು ನನಗೆ ಒಪ್ಪಿಗೆಯಿಲ್ಲ. ಹೆಂಗಸಿಗೆ ಬೇಕಾದ್ದು ಅವಳ ಬೆರಳಿನ ಅಳತೆಗೆ ಸರಿಯಾದದ್ದು.

ಆ ಅಳತೆ ನೋಡುವುದು ಹೀಗೆ. ರಿವಾಲ್ವರ್ ಖಾಲಿ ಇದೆಯೆಂದು ಸಿಲಿಂಡರ್ ತೆರೆದು, ಒಂದೊಂದು ತೂತಿಗೂ ಕಣ್ಣಿಟ್ಟು ನೋಡಿ. ತೋಟಾಗಳು ಬೇರೆ ಕೋಣೆಯಲ್ಲಿರಲಿ. ಹಿಡಿಯನ್ನು ಆದಷ್ಟು ಮೇಲಕ್ಕೆ ಹಿಡಿದುಕೊಳ್ಳಿ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಸಂದು ಹಿಡಿಯ ಬೆನ್ನಿನ ತುತ್ತತುದಿಗೆ ಸೇರಬೇಕು. ನಳಿಗೆ ನಿಮ್ಮ ಮುಂದೋಳಿನ ನೇರಕ್ಕೇ ಬರಬೇಕು, ಮಣಿಕಟ್ಟು ಸೊಟ್ಟಗಾಗಬಾರದು. ಈಗ ಗೋಡೆಯ ಕಡೆ ತಿರುಗಿಸಿ, ಗೋಡೆಯಾಚೆ ಯಾರೂ ಇಲ್ಲದ ಕಡೆ ಅನ್ನಿ, ತೋರುಬೆರಳನ್ನು ಟ್ರಿಗರಿನ ಮೇಲಿಡಿ. ಬೆರಳಿನ ಮೊದಲ ಗೆಣ್ಣಿನವರೆಗಿನ ಭಾಗ ಅದರ ಮೇಲೆ ಚೆನ್ನಾಗಿ ಕೂರಬೇಕು. ಬರೀ ಉಗುರಿನ ತುದಿ ಮುಟ್ಟಿದರೆ ಹಿಡಿ ನಿಮಗೆ ದಪ್ಪವಾಯಿತು ಅಂತ ಅರ್ಥ. ರಿವಾಲ್ವರಿನ ಟ್ರಿಗರ್ ಬಹಳ ಬಿಗಿ, ತುದಿಬೆರಳಿನಿಂದ ಎಳೆದರೆ ಆಯುಧವೇ ಪಕ್ಕಕ್ಕೆ ವಾಲುತ್ತದೆ.

ಹಿಡಿಯಲ್ಲಿ ಮುಖ್ಯವಾಗಿ ಎರಡು ಜಾತಿ, ಮರದ್ದು ಮತ್ತು ರಬ್ಬರಿನದು. ಮರದ್ದು ನೋಡಲು ಚಂದ, ಆದರೆ ಗಟ್ಟಿ. ಬೆವರಿದ ಕೈಗೆ ಜಾರುತ್ತದೆ, ಮೇಲೆ ಚೌಕಳಿ ಗೀರು ಇದ್ದರೆ ಸ್ವಲ್ಪ ವಾಸಿ. ಸಾಮಾನ್ಯವಾಗಿ ಮರದ ಎರಡು ಹೋಳುಗಳು ಅಕ್ಕಪಕ್ಕ ಕೂರುತ್ತವೆ, ಬೆನ್ನಿನ ಕಬ್ಬಿಣ ಬರಿದಾಗಿಯೇ ಉಳಿಯುತ್ತದೆ. ಮ್ಯಾಗ್ನಮ್ ಹಾರಿದಾಗ ಆ ಬರಿ ಕಬ್ಬಿಣವೇ ಹೆಬ್ಬೆರಳ ಬುಡಕ್ಕೆ ಹೊಡೆಯುವುದು. ರಬ್ಬರಿನವುಗಳಲ್ಲಿ ಕೆಲವು ಬೆನ್ನನ್ನೂ ಮುಚ್ಚುತ್ತವೆ. ಒದೆತ ಮೆತ್ತಗಾಗುತ್ತದೆ, ಆದರೆ ಬೆನ್ನು ದಪ್ಪವಾಗಿ ಬೆರಳು ಟ್ರಿಗರಿನಿಂದ ದೂರ ಸರಿಯುತ್ತದೆ! ಸಣ್ಣ ಕೈಯವರ ಪೇಚಾಟವೆಲ್ಲ ಇಲ್ಲೇ ಇರುವುದು. ಮೆತ್ತಗಿರಬೇಕು, ದಪ್ಪವಿರಬಾರದು.

ನನ್ನನ್ನು ಕೇಳಿದರೆ, ಮೊದಲು ಬೆರಳು ಮುಟ್ಟುವುದನ್ನು ನೋಡಿ, ಮೆತ್ತನೆಯದು ಆಮೇಲೆ. ಬೆನ್ನು ಮುಚ್ಚಿದ ರಬ್ಬರ್ ಹಾಕಿಯೂ ಮೊದಲ ಗೆಣ್ಣು ಟ್ರಿಗರಿಗೆ ಬಂದರೆ ಅದನ್ನೇ ತೆಗೆದುಕೊಳ್ಳಿ. ಬರದಿದ್ದರೆ ಬೆನ್ನು ತೆರೆದ, ಪಕ್ಕಗಳಷ್ಟೇ ರಬ್ಬರಿನದು ನೋಡಿ. ಇನ್ನೊಂದು ಮಾತು, ಕಿರುಬೆರಳು. ಪುಟ್ಟ ರಿವಾಲ್ವರುಗಳ ಹಿಡಿ ಎರಡೇ ಬೆರಳಿಗೆ ಮುಗಿದುಬಿಡುತ್ತೆ, ಕಿರುಬೆರಳು ಗಾಳಿಯಲ್ಲಿ ತೂಗಾಡುತ್ತೆ. ಜೇಬಿನಲ್ಲಿ ಬಚ್ಚಿಟ್ಟುಕೊಳ್ಳುವವರಿಗೆ ಹಾಗೆ ಮಾಡಿರುವುದು. ನಿಮ್ಮದು ಪೆಟ್ಟಿಗೆಯಲ್ಲಿರುವ ಆಯುಧ, ಬಚ್ಚಿಡುವ ಗೊಡವೆ ನಿಮಗೇಕೆ? ಕಿರುಬೆರಳಿಗೂ ಜಾಗವಿರುವ ಉದ್ದದ ಹಿಡಿಯನ್ನೇ ಕೇಳಿ. ಅರ್ಧ ನೋವು ಅಷ್ಟರಿಂದಲೇ ಕಡಿಮೆಯಾದೀತು.

ಕೊಳ್ಳುವಾಗ ರಿವಾಲ್ವರಿನ ಕಂಪನಿ, ಮಾದರಿ, ಹಿಡಿಯ ಬುಡ ದುಂಡೋ ಚೌಕವೋ ಅನ್ನುವುದನ್ನು ಬರೆದುಕೊಂಡು ಹೋಗಿ. ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ. ಹೊಸ ಹಿಡಿ ಹಾಕಿದ ಮೇಲೆ ಸಿಲಿಂಡರ್ ಪೂರಾ ತೆರೆಯುತ್ತದೆಯೇ, ಖಾಲಿ ಕೊಳವೆ ಹೊರಬೀಳುವಾಗ ಎಡಪಕ್ಕದಲ್ಲಿ ಹಿಡಿಗೆ ತಾಗಿ ಸಿಕ್ಕಿಕೊಳ್ಳುತ್ತದೆಯೇ ಅಂತ ಅಲ್ಲೇ ಅಂಗಡಿಯವರ ಮುಂದೆ ನೋಡಿಕೊಳ್ಳಿ.

"ನಮ್ಮ ಬಡಗಿ ಬೀಟೆಯಲ್ಲಿ ಮಾಡಿಕೊಡ್ತಾನಂತೆ" ಅಂತಲೂ ಬರೆದಿದ್ದೀರಿ. ಮಾಡಿಸಿ, ಬೀಟೆ ಒಳ್ಳೆಯ ಮರವೇ. ಆದರೆ ಬಡಗಿಯ ಕೈಗೆ ರಿವಾಲ್ವರ್ ಮಾತ್ರ ಕೊಡಬೇಡಿ. ಲೈಸೆನ್ಸಿಲ್ಲದವರ ಸುಪರ್ದಿಗೆ ಆಯುಧ ಬಿಟ್ಟರೆ ಅವನಿಗೂ ಅಪರಾಧ, ನಿಮಗೂ ಅಪರಾಧ. ಹಳೆಯ ಹೋಳುಗಳನ್ನು ಬಿಚ್ಚಿ, ಅವನ್ನಷ್ಟೇ ಮಾದರಿಗೆ ಕೊಡಿ. ಎಲ್ಲಿ ಎಷ್ಟು ತೆಳ್ಳಗೆ ಬೇಕು ಅನ್ನುವುದನ್ನು ಸೀಮೆಸುಣ್ಣದಲ್ಲಿ ಗುರುತು ಹಾಕಿ. ಕೊನೆಯ ಜೋಡಣೆ ಪರವಾನಗಿ ಇರುವ ಕೋವಿ ರಿಪೇರಿಯವರಿಂದ ಆಗಲಿ.

ಬಿಚ್ಚುವಾಗ ತಿರುಪಿನ ಗೀರಿಗೆ ಸರಿಹೊಂದುವ ಸ್ಕ್ರೂಡ್ರೈವರ್ ಬೇಕು, ಅಡುಗೆಮನೆಯ ಚಾಕುವಿನ ತುದಿ ನಡೆಯದು. ತಿರುಪನ್ನು ಪೂರ್ತಿ ತೆಗೆಯದೆ ಮೂರ್ನಾಲ್ಕು ಸುತ್ತು ಸಡಿಲಿಸಿ, ಅದರ ತಲೆಯನ್ನು ಮೆಲ್ಲಗೆ ಒತ್ತಿದರೆ ಆಚೆ ಬದಿಯ ಹೋಳು ತಾನೇ ಏಳುತ್ತದೆ. ಮೀಟಿ ಎಬ್ಬಿಸಿದರೆ ಅಂಚು ಸೀಳುತ್ತದೆ. ಮತ್ತೆ ಹಾಕುವಾಗ ಕೈಬಿಗಿ ಸಾಕು.

ಬಿಚ್ಚಿದ ಹಾಗೇ ಒಳಗೊಮ್ಮೆ ನೋಡಿ. ಮಲೆನಾಡಿನಲ್ಲಿ ತುಕ್ಕು ಮೊದಲು ಶುರುವಾಗುವುದು ಹಿಡಿಯ ಕೆಳಗೆ, ಕಣ್ಣಿಗೆ ಬೀಳದ ಜಾಗದಲ್ಲಿ. ಬೆವರು ಒಳಗಿಳಿದು ಕೂತಿರುತ್ತೆ. ಒರೆಸಿ, ತೆಳ್ಳಗೆ ಎಣ್ಣೆ ಬಟ್ಟೆ ಆಡಿಸಿ. ಮರಕ್ಕೆ ಎಣ್ಣೆ ಕುಡಿಸಬೇಡಿ, ಕಪ್ಪಾಗಿ ಮೆತ್ತಗಾಗುತ್ತದೆ.

ಇನ್ನು ಗುಂಡು ಹಾರಿಸಿ ಬಂದ ದಿನದ ಶುದ್ಧಿ. ಜಗುಲಿಯಲ್ಲಿ ಹಳೆ ಪತ್ರಿಕೆ ಹಾಸಿಕೊಂಡು ಮಾಡಿ, ಅಡುಗೆ ಕಟ್ಟೆಯ ಮೇಲೆ ಬೇಡವೇ ಬೇಡ. ಆ ಮಸಿಯಲ್ಲಿ ಸೀಸ ಇರುತ್ತದೆ, ಅದು ವಿಷ. ಮಕ್ಕಳು ಹತ್ತಿರ ಸುಳಿಯಬಾರದು, ಬಸುರಿ ಬಾಣಂತಿಯರು ಈ ಕೆಲಸಕ್ಕೆ ಕೈ ಹಾಕಬಾರದು. ಒರೆಸಿದ ಬಟ್ಟೆಯನ್ನು ಮನೆ ಬಟ್ಟೆಯ ಜೊತೆ ಒಗೆಯಬೇಡಿ, ಎಸೆದುಬಿಡಿ. ಕೈಯನ್ನು ಸೋಪು ಹಾಕಿ ತೊಳೆದೇ ನೀರಿನ ಚೊಂಬು ಮುಟ್ಟಬೇಕು.

ಕೋವಿ ಅಂಗಡಿಯ ಶುದ್ಧಿ ದ್ರಾವಣ, ಅಳತೆಗೆ ಸರಿಯಾದ ಕಂಚಿನ ಬ್ರಷ್ಷು, ಬಿಳಿ ಹತ್ತಿ ಬಟ್ಟೆಯ ತುಂಡು, ಇಷ್ಟು ಸಾಕು. ನಳಿಗೆಯಲ್ಲಿ ಬ್ರಷ್ಷನ್ನು ಈ ತುದಿಯಿಂದ ಆ ತುದಿಗೆ ಪೂರ್ತಿ ದಾಟಿಸಿಯೇ ಹಿಂದಕ್ಕೆಳೆಯಿರಿ, ಬಾಯಿಯ ಅಂಚು ಉಜ್ಜಿಹೋಗಬಾರದು. ಸಿಲಿಂಡರಿನ ಒಂದೊಂದು ತೂತಿಗೂ ಅದೇ ಉಪಚಾರ. ಅಮೆರಿಕದಲ್ಲಿ ಇಂಥ ಮ್ಯಾಗ್ನಮ್ಮಿನಲ್ಲಿ ಅಭ್ಯಾಸಕ್ಕೆ ಗಿಡ್ಡನೆಯ 38 ಸ್ಪೆಷಲ್ ತೋಟಾ ಹಾರಿಸುತ್ತಾರೆ. ಹಾಗೆ ಮಾಡಿದ ಆಯುಧದ ತೂತಿನೊಳಗೆ ಮಸಿಯ ಬಳೆಯೊಂದು ಕಟ್ಟಿಕೊಂಡು ಉದ್ದನೆಯ ತೋಟಾ ಸಲೀಸಾಗಿ ಇಳಿಯದು. ವಿದೇಶದಿಂದ ಬಂದ ಹಳೆಯ ಆಯುಧವಾದರೆ ಅದನ್ನು ಬ್ರಷ್ಷಿನಿಂದ ತೆಗೆಯಿರಿ. ನೀವು ಮಾತ್ರ ಲೈಸೆನ್ಸಿನಲ್ಲಿ ಬರೆದಿರುವ ತೋಟಾ ಬಿಟ್ಟು ಬೇರೆಯದರ ಯೋಚನೆ ಮಾಡಬೇಡಿ.

ಖಾಲಿ ಕೊಳವೆಗಳನ್ನು ಹೊರದೂಡುವ ನಕ್ಷತ್ರದಂಥ ಬಿಲ್ಲೆ ಇದೆಯಲ್ಲ, ಅದರ ಕೆಳಗೆ ಸಣ್ಣ ಬ್ರಷ್ಷು ಆಡಿಸುವುದನ್ನು ಮರೆಯಬೇಡಿ. ಉರಿಯದ ಮದ್ದಿನ ಒಂದೇ ಕಾಳು ಅಲ್ಲಿ ಕೂತರೆ ಸಿಲಿಂಡರ್ ಮುಚ್ಚುವುದಿಲ್ಲ, ಮುಚ್ಚಿದರೂ ತಿರುಗುವುದಿಲ್ಲ. ಅದಕ್ಕೇ ಕೊಳವೆ ಬೀಳಿಸುವಾಗ ನಳಿಗೆ ಆಕಾಶಕ್ಕೆ ಮುಖ ಮಾಡಿರಬೇಕು ಅನ್ನುವುದು.

ಸಿಲಿಂಡರಿನ ಮುಂಭಾಗದಲ್ಲಿ ಸುಟ್ಟ ಕಲೆ ಉಳಿಯುತ್ತೆ. ನಮ್ಮ ಹೆಂಗಸರಿಗೆ ಅದು ಕಣ್ಣಿಗೆ ಚುಚ್ಚುತ್ತೆ, ಗೊತ್ತು. ಹುಣಸೆಹಣ್ಣು, ಬೂದಿ, ತೆಂಗಿನ ನಾರು, ಪಾತ್ರೆಯ ಉಕ್ಕಿನ ನಾರು ಯಾವುದೂ ಬೇಡ! ಕಲೆಯಿಂದ ಏನೂ ಕೆಡುವುದಿಲ್ಲ, ಉಜ್ಜಿದರೆ ಮೇಲಿನ ನೀಲಿ ಲೇಪ ಹೋಗಿ ತುಕ್ಕಿಗೆ ಬಾಗಿಲು ತೆರೆದಂತೆ. ಕೊಬ್ಬರಿ ಎಣ್ಣೆಯೂ ಬೇಡ, ಚಳಿಗೆ ಗಟ್ಟಿಯಾಗುತ್ತೆ, ದಿನ ಕಳೆದಂತೆ ಅಂಟಾಗುತ್ತೆ. ಸೀಮೆಎಣ್ಣೆ ಕೊಳೆ ಬಿಡಿಸುತ್ತದೆಯೇ ಹೊರತು ತುಕ್ಕು ತಡೆಯದು. ಕೋವಿ ಎಣ್ಣೆ ಸಿಗದ ಊರಿನಲ್ಲಿ ಹೊಲಿಗೆ ಯಂತ್ರದ ತಿಳಿ ಎಣ್ಣೆ ನಡೆಯುತ್ತದೆ. ಸಿಲಿಂಡರ್ ತೂಗುವ ಕೀಲಿಗೆ ಒಂದು ಹನಿ, ಹೊರದೂಡುವ ಕಡ್ಡಿಗೆ ಒಂದು ಹನಿ. ತೋಟಾ ಕೂರುವ ತೂತುಗಳು ಮಾತ್ರ ಒಣಗಿರಬೇಕು, ಎಣ್ಣೆ ತೋಟಾದ ಬುಡಕ್ಕೆ ಇಳಿದರೆ ಅದು ಹಾರದೆ ಹೋಗಬಹುದು. ಪಕ್ಕದ ತಗಡು ಬಿಚ್ಚಿ ಒಳಗಿನ ಯಂತ್ರ ನೋಡುವ ಆಸೆ ನಿಮಗೂ ಬೇಡ, ಮಗನಿಗೂ ಬೇಡ.

ಸಿನಿಮಾದಲ್ಲಿ ಕೈ ಒದರಿ ಸಿಲಿಂಡರನ್ನು ಟಕ್ ಅಂತ ಮುಚ್ಚುತ್ತಾರಲ್ಲ, ಹಾಗೆ ಮಾಡಿದರೆ ಅದು ತೂಗುವ ತೋಳು ಸೊಟ್ಟಗಾಗುತ್ತದೆ. ಎರಡೂ ಕೈಯಿಂದ ತಳ್ಳಿ ಮುಚ್ಚಿ.

ಯಜಮಾನರ ಚರ್ಮದ ಚೀಲದಲ್ಲೇ ಇಟ್ಟಿದ್ದೇನೆ ಅಂದಿರಿ. ನೆನಪಿನ ವಸ್ತು, ಜೋಪಾನವಾಗಿರಲಿ, ಆದರೆ ರಿವಾಲ್ವರ್ ಅದರೊಳಗೆ ಬೇಡ. ಚರ್ಮ ತೇವ ಹೀರಿ ಕಬ್ಬಿಣಕ್ಕೆ ಒತ್ತಿಕೊಂಡಿರುತ್ತೆ, ತೋಟಾದ ಹಿತ್ತಾಳೆಗೂ ಹಸಿರು ಕಿಲುಬು ಹಿಡಿಸುತ್ತೆ. ಪ್ಲಾಸ್ಟಿಕ್ಕಿನಲ್ಲೂ ಸುತ್ತಬೇಡಿ. ಎಣ್ಣೆ ಸವರಿದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಬೀಗವಿರುವ ಕಬ್ಬಿಣದ ಪೆಟ್ಟಿಗೆಯಲ್ಲಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣಗಳು. ತೋಟಾಗಳು ಬೇರೆ ಪೆಟ್ಟಿಗೆಯಲ್ಲಿ, ಬೇರೆ ಬೀಗದಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಪತ್ರಿಕೆ ಮನೆಗೆ ಬಂದಾಗಲೆಲ್ಲ ಒಮ್ಮೆ ತೆಗೆದು ಒರೆಸಿ, ಹದಿನೈದು ದಿನದ ಲೆಕ್ಕ ತಪ್ಪುವುದಿಲ್ಲ. ಬರಿಗೈಯಲ್ಲಿ ಮುಟ್ಟಿದ ಮೇಲೆ ಒರೆಸದೆ ಇಡಬೇಡಿ, ಬೆರಳಿನ ಉಪ್ಪು ಎರಡೇ ದಿನಕ್ಕೆ ಗುರುತು ಮೂಡಿಸುತ್ತದೆ.

ಕೀಲಿಕೈ ನಿಮ್ಮೊಬ್ಬರ ಬಳಿಯೇ ಇರಲಿ. ಲೈಸೆನ್ಸಿನಲ್ಲಿ ನಿಮ್ಮ ಹೆಸರಿದೆ, ಮಗನದಿಲ್ಲ. ಅವನು ರಜೆಗೆ ಬಂದಾಗ "ಅಪ್ಪನದಲ್ವೇ" ಅಂತ ತೆಗೆದುಕೊಂಡು ತೋಟ ಸುತ್ತುವ ಹಾಗಿಲ್ಲ. 2019ರ ತಿದ್ದುಪಡಿಯಿಂದ ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿದೆ. ಐದು ವರ್ಷ ಅಂದ್ರೆ ಮರೆಯುವುದು ಸುಲಭ, ಮುಗಿಯುವ ತಾರೀಖನ್ನು ಪೆಟ್ಟಿಗೆಯ ಮುಚ್ಚಳದ ಒಳಗೇ ಅಂಟಿಸಿಡಿ.

ಚುನಾವಣೆ ಬಂದಾಗ ಪೊಲೀಸರು ಆಯುಧವನ್ನು ಠೇವಣಿ ಇಡಲು ಹೇಳಿದರೆ ರಸೀದಿ ತೆಗೆದುಕೊಂಡೇ ಕೊಡಿ. ವಾಪಸು ಬಂದ ದಿನ ಹಾಗೇ ಪೆಟ್ಟಿಗೆಗೆ ಸೇರಿಸಬೇಡಿ. ಖಾಲಿ ಇದೆಯೇ ಅಂತ ಮೊದಲು ನೋಡಿ. ಆಮೇಲೆ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ, ಹಿಡಿ ಬಿಚ್ಚಿ ಅದರ ಕೆಳಗೂ ನೋಡಿ. ಒಂದೆರಡು ತಿಂಗಳು ಯಾರೂ ಒರೆಸಿರುವುದಿಲ್ಲ.