ಆಟದ ಮೇಲಿನ ಅಪವಾದ

ಆಡುತ್ತಿರುವಾಗ ಕಂಪ್ಯೂಟರು ಒಮ್ಮೆಲೇ ಆರಿಹೋದರೆ ನಮ್ಮ ಮನೆಗಳಲ್ಲಿ ಅಪವಾದ ಬರುವುದು ಆಟಕ್ಕೆ, ಅದರ ಹಿಂದೆಯೇ ಆಡಿದವನಿಗೆ. ಇದು ನ್ಯಾಯವಲ್ಲವೆಂದು ನನ್ನ ಮತ. ಪತ್ರ ಬರೆಯುವಾಗ ಯಂತ್ರಕ್ಕೆ ಶ್ರಮವೇನೂ ಇಲ್ಲ. ಆಟವಾದರೋ ಅದರ ಶಕ್ತಿಯನ್ನೆಲ್ಲ ಕೇಳುತ್ತದೆ. ಮೊದಲೇ ಇದ್ದ ರೋಗ ಆಗ ಹೊರಬೀಳುತ್ತದೆ, ಅಷ್ಟೆ.

ರೋಗಗಳು ಬಹುಮಟ್ಟಿಗೆ ಎರಡು. ಒಂದು, ಉಷ್ಣ. ಪ್ರೊಸೆಸರು ಸುಮಾರು 100 ಡಿಗ್ರಿ ಮುಟ್ಟಿದಾಗ ಮೊದಲು ವೇಗ ತಗ್ಗಿಸಿಕೊಳ್ಳುತ್ತದೆ. ಆಗಲೂ ತಣಿಯದಿದ್ದರೆ ತನ್ನ ರಕ್ಷಣೆಗಾಗಿ ಯಂತ್ರವನ್ನೇ ನಿಲ್ಲಿಸುತ್ತದೆ. ಕಾಪುವಿನ ಉಪ್ಪುಗಾಳಿ, ಕಾರ್ಕಳದ ಕಲ್ಲುಕೋರೆಗಳ ಹುಡಿ, ಉಡುಪಿಯ ಮೇ ತಿಂಗಳ ಸೆಕೆ: ಬಡಪಾಯಿ ಫ್ಯಾನಿಗೆ ಇಷ್ಟು ಸಾಲದೇ? ಇನ್ನೊಂದು, ಗೋಡೆಯ ವಿದ್ಯುತ್ತನ್ನು ಹದಮಾಡಿ ಒಳಗೆ ಕೊಡುವ ಎಸ್‌ಎಂಪಿಎಸ್. ಅದು ಹಳತಾಗಿದ್ದರೆ ಗ್ರಾಫಿಕ್ಸ್ ಕಾರ್ಡು ಒಮ್ಮೆಗೇ ಎಳೆಯುವ ಹೊರೆಯನ್ನು ತಾಳಲಾರದೆ ಕೈಬಿಡುತ್ತದೆ. (ಆ ಪೆಟ್ಟಿಗೆಯನ್ನು ಬಿಚ್ಚುವ ಸಾಹಸ ಬೇಡ, ಸ್ವಿಚ್ಚು ಆರಿಸಿದ ಮೇಲೂ ಅದರೊಳಗೆ ವಿದ್ಯುತ್ತು ಉಳಿದಿರುತ್ತದೆ.)

ವಿಂಡೋಸ್ ಬರೆದಿಡುವ 'ಕರ್ನೆಲ್-ಪವರ್ 41' ಎಂಬ ಟಿಪ್ಪಣಿ ಯಂತ್ರ ಹಠಾತ್ತನೆ ನಿಂತಿತೆಂದು ಹೇಳುತ್ತದೆಯೇ ಹೊರತು ಏಕೆಂದು ಹೇಳುವುದಿಲ್ಲ. ಆಡುವಾಗ ಉಷ್ಣತೆ ತೋರಿಸುವ ತಂತ್ರಾಂಶವನ್ನು ಪಕ್ಕದಲ್ಲಿ ತೆರೆದಿಟ್ಟರೆ ಸಾಕು. 95 ದಾಟಿ ಆರಿದರೆ ಹುಡಿ ಊದಿಸಿ, ಒಣಗಿದ ಥರ್ಮಲ್ ಪೇಸ್ಟನ್ನು ಬದಲಿಸಬೇಕು. 70ರಲ್ಲೇ ಆರಿದರೆ ಮೊದಲ ಸಂಶಯ ಎಸ್‌ಎಂಪಿಎಸ್ ಮೇಲೆ.

ಮಣಿಪಾಲದ ಅಂಗಡಿಯೊಂದರಲ್ಲಿ ಪೆಟ್ಟಿಗೆ ತೆರೆಯದೆಯೇ ಮದರ್‌ಬೋರ್ಡು ಬದಲಿಸಬೇಕೆಂದರು. ಅಮ್ಮ ಬೀಡಿ ಕಟ್ಟಿ ಉಳಿಸಿದ ಹಣದಲ್ಲಿ ಕೊಂಡ ಹಳೆಯ ಯಂತ್ರವದು. ಬೋರ್ಡಿಗೆ ಸಾವಿರಗಟ್ಟಲೆ ಎಲ್ಲಿಂದ ತರೋಣ? ಮನೆಯಲ್ಲಿ ಅಳೆದಾಗ 98 ಇತ್ತು. ಪೇಸ್ಟು ಬದಲಿಸಿದ ಮೇಲೆ 76. ತಮ್ಮ ಈಗ ನಿಶ್ಚಿಂತೆಯಿಂದ ಆಡುತ್ತಾನೆ. ಆಟದ ಬಗೆಗಿನ ಅಮ್ಮನ ಅಭಿಪ್ರಾಯ ಮಾತ್ರ ಬದಲಾಗಿಲ್ಲ.