ಕತ್ತಾಳೆಯ ಮೈಮೇಲೆ ಹೆಸರು ಕೆತ್ತಬೇಡಿ



ನಮ್ಮ ಶಾಲೆಯ ಹಿಂದಿನ ಬೇಲಿಯ ಕತ್ತಾಳೆಯನ್ನು ಎಲ್ಲರೂ ನೋಡಿದ್ದೀರಿ. ಅದರ ಎಲೆಗಳ ಮೇಲೆ ನಮ್ಮೆಲ್ಲರ ಹೆಸರೂ ಇದೆ. ನನ್ನ ಹೆಸರು ಎರಡು ಕಡೆ ಇದೆ, ಸುಳ್ಳು ಹೇಳುವುದಿಲ್ಲ. ಇನ್ನು ಮೇಲೆ ಹಾಗೆ ಕೆತ್ತಬಾರದು ಅನ್ನೋದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳ್ತೀನಿ.

ಹೋದ ವರ್ಷ ನಮ್ಮ ಮನೆಯ ಅಟ್ಟದಲ್ಲಿ 6 ಬೂದುಗುಂಬಳ ಇಟ್ಟಿದ್ದರು. ನಾನು ಒಂದರ ಬೂದಿ ಒರೆಸಿ, ಉಗುರಿನಿಂದ ನನ್ನ ಹೆಸರು ಗೀಚಿದೆ. ಉಳಿದ 5 ಕಾಯಿ ಯುಗಾದಿವರೆಗೂ ಗಟ್ಟಿಯಾಗಿದ್ದವು. ನನ್ನ ಹೆಸರಿನ ಕಾಯಿ ಮಾತ್ರ ಗೀಚಿದ ಜಾಗದಲ್ಲೇ ಮೆತ್ತಗಾಗಿ ಕೊಳೆಯಿತು. "ಆ ಬೂದೀನೇ ಅದಕ್ಕೆ ಕಂಬಳಿ ಕಣೋ, ಯಾಕೆ ಒರೆಸಿದೆ?" ಅಂತ ಅಜ್ಜಿ ಬೈದಳು.

ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅದು ಬೂದಿ ಅಲ್ಲವಂತೆ, ಮೇಣ! ಕಾಯಿ ಬಲಿತ ಮೇಲೆ ಬರುತ್ತದಂತೆ. ಎಲೆಗಳ ಮೇಲೂ ಇಂಥ ಮೇಣದ ಪೊರೆ ಇರುತ್ತದೆ. ಕೆಸುವಿನ ಎಲೆ ಮೇಲೆ ನೀರು ಮುತ್ತಿನಂತೆ ಉರುಳೋದು ಈ ಮೇಣದಿಂದಲೇ. ಪೊರೆ ನಮ್ಮ ತಲೆಗೂದಲಿಗಿಂತ ತೆಳು. ಆದರೂ ಒಳಗಿನ ನೀರು ಬಿಸಿಲಿಗೆ ಆರಿಹೋಗದಂತೆ ಅದು ತಡೆಯುತ್ತದೆ. ಗಾಳಿ ಆಡಲು ಎಲೆಯಲ್ಲಿ ಪತ್ರರಂಧ್ರ ಎಂಬ ಸಣ್ಣ ಬಾಗಿಲುಗಳಿವೆ. ಕತ್ತಾಳೆ ಬಿಸಿಲಲ್ಲಿ ಅವನ್ನು ಮುಚ್ಚಿಕೊಂಡು, ರಾತ್ರಿ ತಂಪಿನಲ್ಲಿ ತೆರೆಯುತ್ತದೆ. ಎಷ್ಟು ಜಾಣ ಗಿಡ!

ಆದರೆ ನಾವು ಮುಳ್ಳಿನಿಂದ ಗೀಚಿದ ಗಾಯಕ್ಕೆ ಬಾಗಿಲಿಲ್ಲ. ಅದು ಒಣಗಿ ಕಂದು ಕಲೆಯಾಗುವವರೆಗೂ ನೀರು ಹೋಗುತ್ತಲೇ ಇರುತ್ತದೆ. ರೋಗವೂ ಅಲ್ಲಿಂದಲೇ ಒಳಗೆ ನುಗ್ಗಬಹುದು.

"ಕತ್ತಾಳೆಗೆ ಯಾರೂ ನೀರು ಹಾಕಲ್ಲ, ಆದ್ರೂ ಬದುಕಿದೆ. ಹೆಸರು ಬರೆದ್ರೆ ಸಾಯುತ್ತಾ?" ಅಂತ ಗೆಳೆಯರು ನಗುತ್ತಾರೆ. ಒಂದು ಹೆಸರಿಗೆ ಸಾಯಲಿಕ್ಕಿಲ್ಲ. ಆದರೆ ಒಂದೊಂದು ಎಲೆಯಲ್ಲಿ ಹತ್ತು ಹೆಸರಿವೆ! ಯಾರೂ ನೀರು ಹಾಕದ ಗಿಡಕ್ಕೆ ತನ್ನೊಳಗಿನ ನೀರೇ ಆಸ್ತಿ. ಮೇಣವೇ ಅದರ ಬೀಗ. ಬೀಗ ಒಡೆಯೋದು ಕಳ್ಳರ ಕೆಲಸ ಅಲ್ಲವೇ?

ನಂಬದವರು ಎರಡು ಬದನೆಕಾಯಿ ತಗೊಳ್ಳಿ. ಒಂದರ ಸಿಪ್ಪೆ ಹೆರೆದು, ಎರಡನ್ನೂ ಒಂದೇ ಕಡೆ ಇಡಿ. ಮಾರನೇ ದಿನ ಯಾವುದು ಬಾಡಿದೆ ನೋಡಿ.

ಬೇಲಿ ಸಂದಿಯಲ್ಲಿ ಆಡು ನುಗ್ಗಿ, ಬಿಸಿಯೂಟಕ್ಕೆ ಬೆಳೆಸಿದ ಸೊಪ್ಪನ್ನು ಮೇದು ಹೋಗುತ್ತಿವೆ. ಕತ್ತಾಳೆಯ ಬುಡದಲ್ಲಿ ಮರಿಗಳು ಬೇಕಾದಷ್ಟಿವೆ. ಹೆಸರಿನ ಆಸೆ ಇದ್ದವರು ಆ ಸಂದಿಯಲ್ಲಿ ಒಂದೊಂದು ಮರಿ ನೆಟ್ಟು, ರಟ್ಟಿನ ಮೇಲೆ ಹೆಸರು ಬರೆದು ಪಕ್ಕದಲ್ಲಿ ನಿಲ್ಲಿಸೋಣ. ಮುಖ್ಯ ಗುರುಗಳು ಒಪ್ಪಿದರೆ ಶನಿವಾರವೇ ಗುದ್ದಲಿ ತರುತ್ತೇನೆ.

ಏನಂತೀರಿ?

- ಏಳನೇ ತರಗತಿಯ ಒಬ್ಬ ವಿದ್ಯಾರ್ಥಿ